ಮೊದಲ ಹಾಲು : ‘ಅಜ್ಞಾನ’ವೆಂಬ ಮಾತಿನ ವಿಮರ್ಶೆ

ಗರ್ಭಿಣಿಯ ಆರೈಕೆ, ಬಾಣಂತನ, ಶಿಶುಪಾಲನೆ ಈ ವಿಷಯಗಳಲ್ಲಿ ವಿವಾಹಿತ ಸ್ತ್ರೀಯರಿಗಿರುವ ತಿಳಿವಳಿಕೆಯನ್ನೂ ಅವರ ಆಚರಣೆಯನ್ನೂ ಪ್ರಶ್ನಾವಳಿಗಳ ಮೂಲಕ ಅಳೆಯುವ ಪ್ರಬಂಧಗಳು ನಮ್ಮ ದೇಶದಲ್ಲಿ ಹೇರಳವಾಗಿ ಹೊರಡುತ್ತಿವೆ. ಇವುಗಳ ಉದ್ದೇಶವು ಶ್ಲಾಘ್ಯವಾದುದೇ. ಆದರೆ ಇವುಗಳಲ್ಲಿ ಅನೇಕವು ಒಂದೇ ಜಾಡಿನಲ್ಲಿ ನಡೆದು ಒಂದೇ ತೀರ್ಮಾನವನ್ನು ಮುಟ್ಟುವುವು : ತಾಯಿಗೆ ತಿಳಿಯದು, ಆದಕಾರಣ ಮಾಡಳು, ತಿಳಿಸಿದರೆ ಮಾಡುವಳು. ಈ ತರ್ಕವು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದನ್ನು ಒಂದೇ ಆಚರಣೆಯನ್ನು ಹಿಡಿದು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಆಚರಣೆ ಯಾವುದೆಂದರೆ, ಹೆರಿಗೆಯಾದ ಮೊದಲ ಎರಡು ಮೂರು ದಿನ ಎದೆಯಲ್ಲಿ ಒಸರುವ ಹಳದಿ ಬಣ್ಣದ ಗಟ್ಟಿಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಜೇನುತುಪ್ಪವನ್ನೋ ಸಕ್ಕರೆನೀರನ್ನೋ ಹಸುವಿನ ಹಾಲನ್ನೋ ಕೊಡುವುದು. ಇದರಿಂದ ಆಗುವ ಹಾನಿಯ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರಕ್ಕೆ ಸಂಶಯವಿಲ್ಲ. ಆ ಮೊದಲ ಹಾಲು ಅಳತೆಯಲ್ಲಿ ಸ್ವಲ್ಪವಾದರೂ ರೋಗನಿರೋಧಕ ದ್ರವ್ಯಗಳಿಂದಲೂ ‘ಎ’ ಜೀವಸತ್ತ್ವದಿಂದಲೂ ತುಂಬಿರುವುದು. ಜೇನುತುಪ್ಪದಲ್ಲಿಯಾದರೋ ಬೊಟುಲಿಸಂ ರೋಗವನ್ನು ಹುಟ್ಟಿಸುವ ಬೀಜಾಣುಗಳು ಇರಬಹುದಾದುದರಿಂದ ಒಂದು ವರ್ಷ ತುಂಬುವವರೆಗೆ ಅದನ್ನು ಮಗುವಿಗೆ ಕೊಡಕೂಡದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ವಿಧಿ. ಇದಿಷ್ಟೂ ನಿರ್ವಿವಾದ. ವಿವಾದವಿರುವುದು, ಹಾಲನ್ನು ಚೆಲ್ಲುವ ತಾಯಿಯನ್ನು ‘ಅಜ್ಞಾನಿ’ ಎಂದು ಕರೆದು ವಿಷಯವನ್ನು ಮುಗಿಸುವುದರಲ್ಲಿ.

ಅಜ್ಞಾನವೆಂದರೆ ಜ್ಞಾನದ ಅಭಾವ. ಈ ಆಚರಣೆಯ ಬೆನ್ನಿಗಿರುವುದು ಅಭಾವವೇ? ನಮ್ಮ ಪ್ರಾಚೀನ ವೈದ್ಯಗ್ರಂಥಗಳನ್ನು ತೆರೆದು ನೋಡೋಣ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯವು, ಪ್ರಸವಾನಂತರ ಮೂರು ಅಥವಾ ನಾಲ್ಕು ರಾತ್ರಿಗಳು ಕಳೆದ ಮೇಲೆ ಸ್ತ್ರೀಯರಿಗೆ ಹಾಲು ಪ್ರವರ್ತಿಸುವುದೆಂದು ಹೇಳಿ, ಅದುವರೆಗೆ ಶಿಶುವಿಗೆ ಮೊದಲ ದಿನ ಜೇನುತುಪ್ಪ ಮತ್ತು ಘೃತವನ್ನು, ಮುಂದಿನ ಎರಡು ದಿನ ಔಷಧಸಿದ್ಧವಾದ ಘೃತವನ್ನು ವಿಧಿಸುತ್ತದೆ. ಕೇರಳವೇ ಮೊದಲಾಗಿ ದಕ್ಷಿಣದ ವೈದ್ಯರು ಬಹುವಾಗಿ ಆದರಿಸಿದ ವಾಗ್ಭಟನ ಅಷ್ಟಾಂಗಹೃದಯವೂ ಉತ್ತರಸ್ಥಾನದ ಆರಂಭದಲ್ಲಿ, ಹಾಲು ಬರುವುದು ಮೂರನೆಯ ಅಥವಾ ನಾಲ್ಕನೆಯ ದಿನವೆಂದೇ ಹೇಳುತ್ತದೆ. ಚರಕಸಂಹಿತೆಯ ಮಾತು ಬೇರೆ. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ಜಾತಕರ್ಮದ ಜೇನುತುಪ್ಪ ಮತ್ತು ಘೃತಗಳನ್ನು ನೆಕ್ಕಿಸಿದ ಕೂಡಲೆ ಬಲದೆದೆಯ ಹಾಲನ್ನು ಉಣಿಸಬೇಕೆಂದಿದೆ. ದಿನಗಳ ಅಂತರವನ್ನು ಅಲ್ಲಿ ಹೇಳಿಲ್ಲ. ಆದುದರಿಂದ ಶಾಸ್ತ್ರಕಾರರಲ್ಲಿಯೇ ಎರಡು ಪಕ್ಷಗಳಿದ್ದುವೆಂಬುದು ಸ್ಪಷ್ಟ.

ಸುಶ್ರುತನ ಪಕ್ಷವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹಾಲು ಧಾರಾಳವಾಗಿ ಇಳಿಯುವುದು ಸಾಮಾನ್ಯವಾಗಿ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಎಂಬುದು ಇಂದಿಗೂ ಸತ್ಯವೇ. ಅವಲೋಕನವು ಸರಿ, ಅದರಿಂದ ತೆಗೆದ ಅನುಮಾನವು ತಪ್ಪು. ಮಗು ಮೊದಲಿನಿಂದಲೂ ಚೀಪುತ್ತಿರುವುದೇ ಹಾಲಿಳಿಯಲು ಸಹಾಯಕವೆಂಬುದೂ, ಮೊದಲ ಒಸರೇ ಆ ದಿನಗಳ ಹಸಿವಿಗೆ ಸಾಕೆಂಬುದೂ ಅಲ್ಲಿ ಗಣನೆಗೆ ಬಂದಿಲ್ಲ. ಪಾಶ್ಚಾತ್ಯರೂ ಇದೇ ಎಡವಿನಲ್ಲಿ ಬಿದ್ದವರೇ. ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯನಾದ ಸೊರಾನಸನು, ಹೆತ್ತವಳ ಹಾಲು ಸುಮಾರು ಇಪ್ಪತ್ತು ದಿನ ಹಿತಕರವಲ್ಲವೆಂದು ಬರೆದನು. ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯಾಡೊಗನ್ನನು ತಾಯಿಯ ಮೊದಲ ಹಾಲನ್ನು ಸಮರ್ಥಿಸಿ ಪ್ರಬಂಧವನ್ನು ಪ್ರಕಟಿಸಿದುದು 1748ರಷ್ಟು ಈಚೆಗೆ. ಮನೆಯ ರೂಢಿಯು ಗ್ರಂಥದಿಂದ ಬಂದಿತೋ, ಗ್ರಂಥವೇ ಮನೆಯ ರೂಢಿಯನ್ನು ಕಂಡು ಬರೆಯಿತೋ ಎಂಬ ಪ್ರಶ್ನೆಯನ್ನು ಇಲ್ಲಿ ಬಿಡಿಸಬೇಕಾಗಿಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ವಿದ್ವಾಂಸರು ಶತಮಾನಗಳ ಕಾಲ ಹಿಡಿದು ನಡೆದ ಮತವನ್ನು ಈಗ ನಿರಕ್ಷರಳಾದ ಹೆಂಗಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಶಬ್ದಗಳ ಸಾಕ್ಷ್ಯವೂ ಗಮನಾರ್ಹವಾಗಿದೆ. ಅಮರಕೋಶದಲ್ಲಿ ‘ಪೀಯೂಷ’ವೆಂಬ ಪದಕ್ಕೆ ಅಮೃತವೆಂದೂ, ಹೊಸದಾಗಿ ಕರು ಹಾಕಿದ ಹಸುವಿನ ಹಾಲೆಂದೂ ಅರ್ಥವಿದೆ. ಕನ್ನಡದಲ್ಲಿ ಅದೇ ಹಾಲು ‘ಗಿಣ್ಣು’. ಕರುವಿಗೆ ಗಿಣ್ಣುಹಾಲು ತಪ್ಪಬಾರದೆಂಬುದನ್ನು ನಮ್ಮ ರೈತನು ಬಲ್ಲನು. ಮಿಕ್ಕುದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೆರೆಹೊರೆಗೆ ಹಂಚುವುದು ಮನೆವಾರ್ತೆಯ ಒಂದು ಸಂತೋಷ. ಕೊಟ್ಟಿಗೆಯಲ್ಲಿ ಅಮೃತವೆನಿಸಿದುದು ಬಾಣಂತಿಯ ಕೋಣೆಯಲ್ಲಿ ಹೇಯವಾದುದಕ್ಕೆ ಅರಿವಿನ ಬಡತನವೊಂದೇ ಕಾರಣವೆನ್ನಲಾಗದು. ಅರಿವು ಅದೇ ಮನೆಯಲ್ಲಿತ್ತು. ಅದನ್ನು ಆ ಕೋಣೆಗೆ ದಾಟಿಸುವ ಅಧಿಕಾರವು ಬಾಣಂತಿಗೆ ಇರಲಿಲ್ಲ.

ಇನ್ನು ಅಂಕಿಗಳನ್ನು ವಿಚಾರಿಸೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆಸ್ಪತ್ರೆ ಮೊದಲಾದ ಸಂಸ್ಥೆಗಳಲ್ಲಿ ಆದ ಹೆರಿಗೆಗಳು 2015–16ರಲ್ಲಿ ನೂರಕ್ಕೆ 78.9 ಇದ್ದುವು, 2019–21ರಲ್ಲಿ 88.6ಕ್ಕೆ ಏರಿದುವು. ಅದೇ ಅವಧಿಯಲ್ಲಿ, ಮೂರು ವರ್ಷದೊಳಗಿನ ಮಕ್ಕಳ ಪೈಕಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದವರು 41.6ರಿಂದ 41.8 ಆದರು, ಎಂದರೆ ಏರಲೇ ಇಲ್ಲವೆನ್ನಬಹುದು. ಸಿಸೇರಿಯನ್ ಹೆರಿಗೆಗಳು 17.2ರಿಂದ 21.5ಕ್ಕೆ ಹೆಚ್ಚಿದುವು. ಅರಿವಳಿಕೆಯಲ್ಲಿ ಮಲಗಿರುವ ತಾಯಿಗೆ ಕೂಸನ್ನು ತಾನಾಗಿ ಎತ್ತಿಕೊಳ್ಳಲಾಗದು. ತಂದು ಎದೆಗೆ ಹಚ್ಚುವವರು ಬೇಕು. ಆ ಮೊದಲ ಗಂಟೆಯಲ್ಲಿ ಮಗುವು ಶಿಕ್ಷಣ ಪಡೆದ ದಾದಿಯ ಕೈಯಲ್ಲಿರುವಾಗ, ಹಾಲು ದೊರೆಯದುದಕ್ಕೆ ತಾಯಿಯ ತಿಳಿವಳಿಕೆಯನ್ನು ಮಾತ್ರ ಪರೀಕ್ಷಿಸುವುದು ಎಂತಹ ಪರೀಕ್ಷೆ?

ಇಲ್ಲಿ ಒಂದು ಆಕ್ಷೇಪವು ಬರಬಹುದು. 2005–06ರಲ್ಲಿ ಈ ಪ್ರಮಾಣವು ಕಾಲುಭಾಗಕ್ಕಿಂತ ಕಡಿಮೆಯಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ಬಹಳವಾಗಿ ಏರಿತು. ತಿಳಿವಳಿಕೆ ಕೊಟ್ಟುದರ ಫಲವೂ ಇದರಲ್ಲಿಲ್ಲವೇ ಎಂದು. ಇದ್ದೀತು, ಬೋಧನೆಯು ವ್ಯರ್ಥವೆಂಬುದು ನಮ್ಮ ವಾದವಲ್ಲ. ಆದರೆ ಅದೇ ದಶಕದಲ್ಲಿ ಸಂಸ್ಥೆಗಳ ಹೆರಿಗೆಯೂ 38.7ರಿಂದ 78.9ಕ್ಕೆ ಏರಿತೆಂಬುದನ್ನು ಮರೆಯಲಾಗದು. ಸ್ಥಳವು ಬದಲಾದಾಗ ಆಚರಣೆಯೂ ಬದಲಾಯಿತು. ಬಳಿಕ ಆ ಸ್ಥಳದ ಕ್ರಮವೇ ಅದಕ್ಕೆ ಎಲ್ಲೆಯಾಗಿ ನಿಂತಿತೆಂದು ಊಹಿಸಲು ಆಧಾರವಿದೆ.

ಇಂತಹ ಪ್ರಬಂಧಗಳನ್ನು ಬರೆಯುವವರಲ್ಲಿ ನಮ್ಮ ವಿಜ್ಞಾಪನೆ ಮೂರು. ಮೊದಲನೆಯದು, ‘ಮೊದಲ ಹಾಲು ಒಳ್ಳೆಯದೇ?’ ಎಂದು ಕೇಳಿ ಹೌದು–ಅಲ್ಲಗಳನ್ನು ಎಣಿಸುವುದರ ಜೊತೆಗೆ, ‘ಕೊಡಬೇಡವೆಂದು ಹೇಳಿದವರು ಯಾರು, ಏಕೆ?’ ಎಂದು ಕೇಳಿ ಉತ್ತರವನ್ನು ಆಕೆಯ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಎರಡನೆಯದು, ಚೊಚ್ಚಲ ಹೆರಿಗೆಯು ತವರಿನಲ್ಲಾಗುವ ನಮ್ಮ ನಾಡಿನಲ್ಲಿ ಬಾಣಂತಿಯ ತಾಯಿಯನ್ನೂ ಅಜ್ಜಿಯನ್ನೂ, ಮುಂದೆ ಅತ್ತೆಯನ್ನೂ ಗಂಡನನ್ನೂ ಬಿಟ್ಟು ಆಕೆಯೊಬ್ಬಳನ್ನೇ ಪ್ರಶ್ನಿಸಿದರೆ ನಿಜಸ್ಥಿತಿಯು ಹೊರಬೀಳದು. ಮೂರನೆಯದು, ಅದೇ ಪ್ರಶ್ನಾವಳಿಯನ್ನು ಹೆರಿಗೆಯ ಕೋಣೆಯ ದಾದಿಯರಿಗೂ ವೈದ್ಯರಿಗೂ ಒಪ್ಪಿಸಿ, ಅವರ ತಿಳಿವಳಿಕೆಗೂ ಆಚರಣೆಗೂ ಇರುವ ಅಂತರವನ್ನು ಪಕ್ಕದಲ್ಲಿಯೇ ಮುದ್ರಿಸಬೇಕು.

ಹೀಗೆ ಮಾಡಿದಲ್ಲಿ ಈ ಪ್ರಬಂಧಗಳ ಕೊನೆಯ ಪುಟದಲ್ಲಿ ವಾಡಿಕೆಯಾಗಿ ಬರುವ ‘ತಾಯಂದಿರಿಗೆ ಶಿಕ್ಷಣ ಅಗತ್ಯ’ ಎಂಬ ವಾಕ್ಯವು ಅಳಿದುಹೋಗದು. ಆದರೆ ಅದು ಒಂಟಿಯಾಗಿಯೂ ನಿಲ್ಲದು. ಶಿಕ್ಷಣದ ಅಗತ್ಯವುಳ್ಳವರ ಪಟ್ಟಿಯಲ್ಲಿ ತಾಯಿಗಿಂತ ಮೇಲೆ ಬರೆಯಬೇಕಾದ ಹೆಸರುಗಳು ಕೆಲವು ಇವೆ.