ಬೆರಳಿಗೆ ಸಿಗುವ ಉತ್ತರ

ಜಯನಗರ 4ನೇ ಬ್ಲಾಕಿನಲ್ಲಿ ಹೂವು ಕೊಂಡು, ಒಂದು ಕೈಯಲ್ಲಿ ಚೀಲ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲೇ ಫೋನಿನ ವೆಬ್ ಪುಟವೊಂದರ ಗುಂಡಿ ಒತ್ತಿದೆ. ಒತ್ತಿದ ಜಾಗದಿಂದಲೇ ತಿಳಿಬೂದು ಅಲೆಯೊಂದು ನೀರಿಗೆ ಕಲ್ಲು ಬಿದ್ದಂತೆ ಹರಡಿತು. ಅಂಗೈಗೆ ಸಣ್ಣದೊಂದು ‘ಟಕ್’ ತಾಗಿತು. ಅಷ್ಟು ಗದ್ದಲದಲ್ಲೂ ಕೆಲಸ ಆಯಿತೆಂದು ಗೊತ್ತಾಯಿತು.

ಆ ‘ಟಕ್’ ಹಿಂದಿನ ಕುಸುರಿ ನನಗೆ ಬಹಳ ಇಷ್ಟ. ಫೋನಿನ ಗಾಜು ಟೈಪ್‌ರೈಟರ್ ಕೀಲಿಯ ಹಾಗೆ ಒಳಗೆ ಹೋಗಿ ಮೇಲೆ ಬರುವುದಿಲ್ಲ. ಆ ಅನುಭವವನ್ನು ಯಾರೋ ಕೂತು ಕಟ್ಟಬೇಕು. ಬ್ರೌಸರ್‌ನ ವೈಬ್ರೇಷನ್ ಎಪಿಐಗೆ (ಫೋನನ್ನು ನಡುಗಿಸುವ ಸವಲತ್ತಿಗೆ) ಮಿಲಿಸೆಕೆಂಡುಗಳ ಲೆಕ್ಕ ಕೊಡಬೇಕು: 20 ಕೊಟ್ಟರೆ ಬರೀ ಚಿಟಿಕೆ, 200 ಕೊಟ್ಟರೆ ಕರೆ ಬಂದಂತೆ ಗುರ್ರೆನ್ನುತ್ತದೆ. ಐಫೋನಿನ ಸಫಾರಿಯಲ್ಲಿ ಇದು ನಡೆಯದು. ಅದಕ್ಕೇ ಬಲ್ಲವರು ಕಣ್ಣಿಗೂ ಉತ್ತರ ಇಟ್ಟಿರುತ್ತಾರೆ. ಒತ್ತಿದ ಗುಂಡಿಯ ಬಣ್ಣ ತುಸು ಗಾಢವಾಗುತ್ತದೆ, ಗುಂಡಿ ಕೂದಲೆಳೆಯಷ್ಟು ಕುಗ್ಗುತ್ತದೆ.

ಹಿಂದೆ ಮೊಬೈಲ್ ಬ್ರೌಸರ್‌ಗಳು, ಇನ್ನೊಮ್ಮೆ ತಟ್ಟಬಹುದೇನೋ ಎಂದು ಸುಮಾರು 300 ಮಿಲಿಸೆಕೆಂಡು ಕಾಯುತ್ತಿದ್ದವು. ಆ ತಡವರಿಕೆ ತೆಗೆದವರಿಗೆ ದೊಡ್ಡ ನಮಸ್ಕಾರ! ಈಗ ಬೆರಳು ತಾಗಿದ್ದೇ ತಡ, ಉತ್ತರ ಬಂದಿರುತ್ತದೆ. ನಮ್ಮಮ್ಮನಂಥವರು ಹಣ ಕಟ್ಟುವಾಗ ಗಾಬರಿಯಿಂದ ಎರಡೆರಡು ಸಲ ಒತ್ತದಂತೆ ತಡೆಯುವುದು ಆ ತಕ್ಷಣದ ಉತ್ತರವೇ.

ಬಿಟಿಎಂ, ಜೆ.ಪಿ. ನಗರದ ಪಿಜಿ ಕೋಣೆಗಳಲ್ಲಿ ರಾತ್ರಿ ಕೂತು ಇಂಥ ಗುಂಡಿಗಳನ್ನು ತಿದ್ದುವ ಹುಡುಗ ಹುಡುಗಿಯರೇ, ಮುಗಿಸುವ ಮುನ್ನ ಅಗ್ಗದ ಹಳೇ ಫೋನೊಂದರಲ್ಲೂ ಒಮ್ಮೆ ಒತ್ತಿ ನೋಡಿ.