ಅಭಿಮಾನಿ ಪತ್ರಗಳ ಪ್ರಾಮಾಣ್ಯ

ಮನರಂಜನೆಯ ಸಂಸ್ಥೆಯೊಂದಕ್ಕೆ ಅಭಿಮಾನಿಗಳು ಬರೆದ ಪತ್ರಗಳು ಜನಾಭಿಪ್ರಾಯಕ್ಕೆ ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲವು? ಈ ಪ್ರಶ್ನೆಯನ್ನು ಪ್ರಸಿದ್ಧವಾದ ಒಂದು ನಿದರ್ಶನದ ಮೂಲಕ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಎನ್.ಬಿ.ಸಿ. ದೂರದರ್ಶನ ಸಂಸ್ಥೆಯು 1966ರ ಸೆಪ್ಟೆಂಬರಿನಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಧಾರಾವಾಹಿಯ ಪ್ರಸಾರವನ್ನು ಆರಂಭಿಸಿತು. ಎರಡನೆಯ ವರ್ಷದಲ್ಲಿ ಅದು ನಿಂತುಹೋಗುವುದೆಂಬ ಸುದ್ದಿ ಹಬ್ಬಲು, ಬಿಜೋ ಟ್ರಿಂಬಲ್ ಮತ್ತು ಆಕೆಯ ಪತಿ ಜಾನ್ ಟ್ರಿಂಬಲ್ ಪತ್ರ ಚಳುವಳಿಯನ್ನು ಸಂಘಟಿಸಿದರು. ಪ್ರತಿಯೊಬ್ಬನೂ ತಾನು ಬರೆಯುವುದಲ್ಲದೆ ಇನ್ನೂ ಹತ್ತು ಮಂದಿಯಿಂದ ಬರೆಯಿಸಬೇಕೆಂಬುದು ಅವರ ಸೂತ್ರ. 1968ರ ಮಾರ್ಚ್ 1ರಂದು, ಧಾರಾವಾಹಿಯು ಮುಂದುವರಿಯುವುದೆಂದು ಸಂಸ್ಥೆಯೇ ಪ್ರಸಾರದಲ್ಲಿ ಘೋಷಿಸಿತು. ಪತ್ರಗಳು ಧಾರಾವಾಹಿಯನ್ನು ಉಳಿಸಿದುವೆಂಬ ಪ್ರತೀತಿ ಅಂದಿನಿಂದ ಬೆಳೆದುಬಂದಿದೆ.

ಈ ಪ್ರತೀತಿಯನ್ನು ಮೂರು ಕಡೆಗಳಲ್ಲಿ ಶೋಧಿಸಬೇಕಾಗಿದೆ. ಮೊದಲನೆಯದು ಸಂಖ್ಯೆ. 1967ರ ಡಿಸೆಂಬರಿನಿಂದ 1968ರ ಮಾರ್ಚಿಯವರೆಗೆ ಬಂದ ಪತ್ರಗಳು ಸುಮಾರು 1,16,000 ಎಂದು ಸಂಸ್ಥೆ ತಿಳಿಸಿತು. ಹತ್ತು ಲಕ್ಷಕ್ಕೂ ಮೀರಿತ್ತೆಂಬ ಹೇಳಿಕೆಯೂ ಇದೆ. ಒಂದೇ ಘಟನೆಯ ಎರಡು ಲೆಕ್ಕಗಳಲ್ಲಿ ಎಂಟು ಪಟ್ಟಿಗೂ ಹೆಚ್ಚಿನ ಅಂತರವಿರುವಾಗ, ದೊಡ್ಡದೆಂಬ ಕಾರಣಕ್ಕೆ ಎರಡನೆಯದನ್ನು ಎತ್ತಿಕೊಳ್ಳುವುದು ವಿಮರ್ಶೆಯಲ್ಲ.

ಎರಡನೆಯದು ಸ್ವಯಂಪ್ರೇರಣೆ. ಧಾರಾವಾಹಿಯ ನಿರ್ಮಾತೃವಾದ ಜೀನ್ ರಾಡನ್‌ಬೆರಿಯು ತೆರೆಯ ಮರೆಯಲ್ಲಿ ನಿಂತು ಈ ಚಳುವಳಿಗೆ ಒತ್ತಾಸೆಯಾಗಿದ್ದನೆಂಬುದು ಈಗ ತಿಳಿದ ಸಂಗತಿ. ಶಾಸನವೊಂದು ದೊರೆತಾಗ ಅದನ್ನು ಬರೆಯಿಸಿದವರು ಯಾರು, ವೆಚ್ಚವನ್ನು ಭರಿಸಿದವರು ಯಾರು ಎಂದು ಕೇಳುವುದು ನಮ್ಮ ಪರಿಪಾಠ. ಇಲ್ಲಿಯೂ ಅದನ್ನೇ ಕೇಳಬೇಕು. ಹಾಗೆಂದು ಪತ್ರಗಳೆಲ್ಲ ಕೃತಕವೆನ್ನುವುದು ಇನ್ನೊಂದು ಅತಿರೇಕ. ಕರೆ ಕೊಟ್ಟವರು ಕೆಲವರೇ ಆದರೂ, ಲೇಖನಿ ಹಿಡಿದು, ಅಂಚೆವೆಚ್ಚ ತೆತ್ತವರು ಸಾವಿರಾರು ಮಂದಿ. ಒಲವಿಲ್ಲದವರಿಂದ ಇಷ್ಟನ್ನು ಮಾಡಿಸುವುದು ಸುಲಭವಲ್ಲ.

ಮೂರನೆಯದು ಫಲ. ಮೂರನೆಯ ವರ್ಷದಲ್ಲಿ ಧಾರಾವಾಹಿಗೆ ದೊರೆತದ್ದು ಶುಕ್ರವಾರ ರಾತ್ರಿ 10 ಗಂಟೆಯ ವೇಳೆ. ತರುಣ ವೀಕ್ಷಕರು ಮನೆಯಲ್ಲಿರದ ಹೊತ್ತು ಅದು. ವೆಚ್ಚಕ್ಕೂ ಕತ್ತರಿ ಬಿತ್ತು. 1969ರ ಜೂನಿನಲ್ಲಿ ಪ್ರಸಾರವೇ ಮುಗಿಯಿತು. ಆದ್ದರಿಂದ ಉಳಿಸಿದುವೆಂಬ ಮಾತು ಒಂದು ವರ್ಷದ ಮಟ್ಟಿಗೆ ಮಾತ್ರ ನಿಜ. ಆದರೆ ಆ ವರ್ಷ ಸೇರಿ ಕಂತುಗಳು 79 ಆದುವು. ಸ್ಥಳೀಯ ಕೇಂದ್ರಗಳು ದಿನವಹಿ ಮರುಪ್ರಸಾರ ಮಾಡಲು ಕಂತುಗಳ ರಾಶಿಯೇ ಬೇಕು. 1970ರ ದಶಕದ ಕೀರ್ತಿ ಬಂದದ್ದು ಆ ಮರುಪ್ರಸಾರದಿಂದ. ಬರೆದವರು ಬಯಸಿದ ಫಲಕ್ಕಿಂತ ಅವರು ಊಹಿಸದ ಫಲವೇ ಹಿರಿದಾಯಿತು.

ಹೀಗೆ ನೋಡಿದರೆ, ಈ ಪತ್ರಗಳು ದೇಶದ ಒಟ್ಟು ಅಭಿಪ್ರಾಯಕ್ಕೆ ಪ್ರಮಾಣವಲ್ಲ. ಬರೆಯದೆ ಸುಮ್ಮನೆ ನೋಡಿದವರ ಮನಸ್ಸನ್ನು ಅವು ತಿಳಿಸಲಾರವು. ಒಂದು ಕಥೆಯನ್ನು ತಮ್ಮದೆಂದು ಭಾವಿಸಿ, ಅದರ ಒಡೆಯರೊಡನೆ ವಾದಿಸಲು ಹಕ್ಕಿದೆಯೆಂದು ತಿಳಿದ ಪ್ರೇಕ್ಷಕವರ್ಗವೊಂದು ಹುಟ್ಟಿತ್ತೆಂಬುದಕ್ಕೆ ಮಾತ್ರ ಅವು ಬಲವಾದ ಸಾಕ್ಷಿ. ಸಂಸ್ಥೆಗೆ ಎಣಿಕೆ ಸಾಕಾಗಿತ್ತು. ಇತಿಹಾಸಕಾರನು ಬರೆದವರು ಕೊಟ್ಟ ಕಾರಣಗಳನ್ನು ಹುಡುಕಬೇಕು. ನಮ್ಮ ಆಕಾಶವಾಣಿಯ ಶ್ರೋತೃಗಳ ಪತ್ರಗಳನ್ನೋ ಚಿತ್ರಪತ್ರಿಕೆಗಳ ಓದುಗರ ಓಲೆಗಳನ್ನೋ ಅಧ್ಯಯನಕ್ಕೆತ್ತಿಕೊಳ್ಳುವ ವಿದ್ಯಾರ್ಥಿಗಳು, ಕಟ್ಟುಗಳನ್ನು ಎಣಿಸುವುದಕ್ಕೆ ಮೊದಲು ಒಂದೊಂದಾಗಿ ಬಿಚ್ಚಿ ಓದುವುದು ಒಳಿತು.