‘ದ್ವೀಪ’ವೂ ದೀಪವೂ

ನಾ. ಡಿಸೋಜಾ ಅವರ ‘ದ್ವೀಪ’ ಕಾದಂಬರಿಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆರೆಗಿತ್ತ ಚಿತ್ರವನ್ನು ಮುಳುಗಡೆಯ ಶೋಕಗೀತವೆಂದು ಹೊಗಳುವವರೇ ಹೆಚ್ಚು. ಆ ಹೊಗಳಿಕೆ ಸಲ್ಲತಕ್ಕುದೇ. ಆದರೆ ಅಷ್ಟು ಸಾಲದು.

ಕಲ್ಲಿದ್ದಲನ್ನು ತೊರೆದು ನೀರು, ಗಾಳಿ, ಬಿಸಿಲುಗಳಿಂದ ವಿದ್ಯುತ್ತನ್ನು ಪಡೆಯಬೇಕೆಂಬುದು ಇಂದಿನ ಲೋಕಾಭಿಮತ. ನಮ್ಮ ಜಿಲ್ಲೆಯೊಳಗೇ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನ 1,200 ಮೆಗಾವಾಟ್ ಸ್ಥಾವರವೂ, ಕೆರಾಡಿಯನ್ನೊಳಗೊಂಡ ಕುಂದಾಪುರ ಸೀಮೆಯ ಹೊಸಂಗಡಿಯಲ್ಲಿ ವಾರಾಹಿಯ 460 ಮೆಗಾವಾಟ್ ಜಲವಿದ್ಯುತ್ ಕೇಂದ್ರವೂ ಉಂಟು. ಹೊಗೆಯಿಲ್ಲದ ಎರಡನೆಯದು ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಗೆಯಿಲ್ಲದುದೆಲ್ಲ ನಿರ್ದೋಷವೆಂದು ಬಗೆಯುವವರು ಈ ಚಿತ್ರವನ್ನು ನೋಡತಕ್ಕದ್ದು.

ಕೃತಿಯ ಹಿನ್ನೆಲೆ ಶರಾವತಿ. ಅಲ್ಲಿನ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಆ ಯೋಜನೆಯಲ್ಲಿ ನೌಕರರಾಗಿದ್ದ ಡಿಸೋಜಾ ಅವರು ಮುಳುಗಡೆಯ ಬಾಳನ್ನು ಹತ್ತಿರದಿಂದ ಕಂಡವರು. ಚಿತ್ರದ ಕೊನೆಯಲ್ಲಿ, ಏರುವ ನೀರಿನ ನಡುವೆ ಮನೆಯನ್ನುಳಿಸಿದವಳು ನಾಗಿ. ಗಂಡನಾದ ಗಣಪನಾದರೋ ಆ ಶ್ರೇಯಸ್ಸನ್ನು ದೇವರ ಕೃಪೆಗೆ ಸಲ್ಲಿಸುವನು. ಇದೇ ಕೃತಿಯ ಮರ್ಮ. ದೀಪ ಹಚ್ಚಿಕೊಂಡ ನಾವೂ ಗಣಪನಂತೆಯೇ ಯಂತ್ರವನ್ನು ಕೊಂಡಾಡಿ, ನೆಲೆ ತೆತ್ತವರನ್ನು ಮರೆತವರು.

ಒಂದು ಕೊರತೆಯುಂಟು. ಆ ಬೆಳಕಿನಲ್ಲಿ ಬಾಳುವವರಿಗೆ ಕಥೆಯಲ್ಲಿ ಎಡೆ ತೀರ ಕಡಿಮೆ. ಆದುದರಿಂದ ಪ್ರೇಕ್ಷಕನು ಮರುಗಿಯೂ, ತಾನು ಋಣಿಯೆಂಬುದನ್ನು ಅರಿಯದೆ ಎದ್ದುಹೋಗಬಹುದು.

ಈಗ ಬಿಸಿಲು ಗಾಳಿಗಳ ವಿದ್ಯುತ್ತಿಗೆ ಆಸರೆಯಾಗಲೆಂದು, ನೀರನ್ನು ಮೇಲಕ್ಕೆತ್ತಿ ಕೂಡಿಡುವ 2,000 ಮೆಗಾವಾಟಿನ ಯೋಜನೆಯೊಂದನ್ನು ಅದೇ ಶರಾವತಿಯ ಕಣಿವೆಯಲ್ಲಿ ಹೂಡಲಾಗಿದೆ. ಲಾಭನಷ್ಟಗಳ ಲೆಕ್ಕ ಬರೆಯುವವರು ಈ ಸಲವಾದರೂ ನಾಗಿಯ ಹೆಸರನ್ನು ಮೊದಲು ಬರೆಯಲಿ.